ನಾಯಿ ಕ್ಷೇಮ

ನನಗೆ ಈವರೆಗೆ ಎರಡು ನಾಯಿ ಕಚ್ಚಿವೆ. ಎರಡೂ ಸಲ ತಪ್ಪು ನನ್ನದೇ ಎಂದು ತೀರ್ಪಾಯಿತು. ತೀರ್ಪು ಕೊಟ್ಟವರು ಎರಡೂ ಸಲ ಹೆಂಡತಿಯ ಕಡೆಯವರು.

ಮೊದಲನೆಯದು ಮಾನ್ವಿಯ ನಾಯಿ. 1986ರ ದೀಪಾವಳಿ, ಅಳಿಯನಾದ ಮೇಲೆ ಮೊದಲ ಹಬ್ಬ. ಮಾವನವರು ಹೊಸ ಧೋತರ ಕೊಟ್ಟಿದ್ದರು. ನನಗೆ ಧೋತರ ಉಡಲು ಬರುವುದಿಲ್ಲ ಎಂಬ ಗುಟ್ಟು ಆ ಮನೆಯಲ್ಲಿ ಇನ್ನೂ ಯಾರಿಗೂ ಗೊತ್ತಿರಲಿಲ್ಲ. ಒಂದು ಕೈಯಲ್ಲಿ ಧೋತರದ ಚುಂಗು, ಇನ್ನೊಂದರಲ್ಲಿ ಕರಜಿಕಾಯಿ ಹಿಡಿದು ಪಡಸಾಲೆಯಿಂದ ಕಟ್ಟೆಗೆ ಇಳಿಯುವಾಗ ಕಾಲ ಕೆಳಗೆ ಮೆತ್ತಗೆ ಏನೋ ಸಿಕ್ಕಿತು. ಅದು ಮಾವನವರ ನಾಯಿಯ ಬಾಲ. ನಾಯಿ ಎದ್ದು, ನನ್ನ ಮೀನಖಂಡಕ್ಕೆ ಬಾಯಿ ಹಾಕಿ, ಕೆಲಸ ಮುಗಿಯಿತೆಂಬಂತೆ ಮತ್ತೆ ಮಲಗಿತು. ಅಷ್ಟರಲ್ಲಿ ಧೋತರ ಕಳಚಿ ಬಿದ್ದಿತ್ತು. ಹೊಸ ಅಳಿಯನನ್ನು ಆ ಓಣಿಯವರು ಪೂರ್ತಿಯಾಗಿ ನೋಡಿದ್ದು ಆವಾಗಲೇ. ಕರಜಿಕಾಯಿ ಮಾತ್ರ ನಾನು ಕೈಬಿಟ್ಟಿರಲಿಲ್ಲ.

"ಅದು ಸುಮ್‌ಸುಮ್ನ ಕಚ್ಚೂ ನಾಯಿ ಅಲ್ಲ" ಎಂದರು ಅತ್ತೆ. ವಿಚಾರಣೆ ಅಲ್ಲಿಗೆ ಮುಗಿಯಿತು.

ಆಗ ನಾನು ದೇವದುರ್ಗದಲ್ಲಿ ಹೈಸ್ಕೂಲು ಮೇಷ್ಟ್ರು. ಊರಿಗೆ ಮರಳಿ ದವಾಖಾನೆಗೆ ಹೋದರೆ ಡಾಕ್ಟರು ಲೆಕ್ಕ ಹೇಳಿದರು: ದಿನಕ್ಕೊಂದರಂತೆ ಹದಿನಾಲ್ಕು ಚುಚ್ಚು, ಹೊಕ್ಕಳ ಸುತ್ತ. ಕಚ್ಚಿದ ನಾಯಿಯ ಮೇಲೆ ಹತ್ತು ದಿನ ಕಣ್ಣಿಟ್ಟಿರಬೇಕು. ಅಷ್ಟು ದಿನ ಅದು ಗಟ್ಟಿಮುಟ್ಟಾಗಿದ್ದರೆ ಚುಚ್ಚು ನಿಲ್ಲಿಸಬಹುದು. ಅಂದರೆ ನನ್ನ ಹೊಟ್ಟೆಯ ಭವಿಷ್ಯ ಮಾನ್ವಿಯ ನಾಯಿಯ ಆರೋಗ್ಯದ ಮೇಲೆ ನಿಂತಿತ್ತು. ಮಾವನವರು ಶಿಸ್ತಿನ ಮನುಷ್ಯರು, ದಿನ ಬಿಟ್ಟು ದಿನ ಕಾರ್ಡು ಬರೆದರು. ಎಲ್ಲರೂ ಕಾಗದಕ್ಕೆ 'ನಾವು ಕ್ಷೇಮ' ಎಂದು ಶುರು ಹಚ್ಚಿದರೆ ಅವರದು 'ನಾಯಿ ಕ್ಷೇಮ'. "ಚಿರಂಜೀವಿ ಅಳಿಯಂದಿರಿಗೆ ಆಶೀರ್ವಾದಗಳು. ನಾಯಿ ಕ್ಷೇಮ. ನಿನ್ನೆ ರಾತ್ರಿ ಎರಡೂವರೆ ರೊಟ್ಟಿ ತಿಂದಿತು." ಆ ಕಾರ್ಡುಗಳಲ್ಲಿ ನನ್ನ ಕ್ಷೇಮದ ಪ್ರಸ್ತಾಪ ಎಲ್ಲೂ ಇರಲಿಲ್ಲ. ಹತ್ತನೆಯ ದಿನದ ಕಾರ್ಡು, 'ನಾಯಿ ಪೂರ್ಣ ಕ್ಷೇಮ, ಇನ್ನು ಚುಚ್ಚಿಸಿಕೊಳ್ಳುವುದು ಬೇಡ' ಎಂಬ ಅತಿ ಮುಖ್ಯ ಕಾರ್ಡು, ನನ್ನ ಕೈ ಸೇರಿದ್ದು ಹದಿನಾಲ್ಕನೆಯ ಚುಚ್ಚಿನ ಮರುದಿನ. ಅದನ್ನು ಡಬ್ಬಿಗೆ ಹಾಕದೆ ಮಾವನವರು ನಾಲ್ಕು ದಿನ ಕೋಟಿನ ಕಿಸೆಯಲ್ಲಿಟ್ಟುಕೊಂಡು ತಿರುಗಿದ್ದರು.

ಆ ಕಾಲದ ಚುಚ್ಚುಮದ್ದನ್ನು ಕುರಿಯ ಮಿದುಳಿನಿಂದ ಮಾಡುತ್ತಿದ್ದರು. ಡೇವಿಡ್ ಸೆಂಪಲ್ ಎಂಬ ಡಾಕ್ಟರು 1911ರಲ್ಲಿ ಕಸೌಲಿಯಲ್ಲಿ ಕಂಡುಹಿಡಿದದ್ದು, ನಮ್ಮ ದೇಶದಲ್ಲಿ 2004ರ ಕೊನೆಯವರೆಗೂ ನಡೆಯಿತು. ಇದನ್ನು ಜಾಣನಂತೆ ಹೆಂಡತಿಗೆ ವಿವರಿಸಿದ್ದು ನನ್ನ ಸಂಸಾರದ ದೊಡ್ಡ ತಪ್ಪು. ಅಂದಿನಿಂದ ಸಂತೆಯಲ್ಲಿ ಹುಳುಕು ಬದನೆಕಾಯಿ ತಂದಾಗಲೆಲ್ಲ ಆಕೆ, "ಹೋಗ್ಲಿ ಬಿಡ್ರಿ, ನಿಮ್ಮದೇನ್ ತಪ್ಪು? ಕುರಿ ಮಿದುಳಾ ಅದು" ಎನ್ನುತ್ತಾಳೆ.

ದೇವದುರ್ಗದಲ್ಲೂ ಒಂದು ನಾಯಿ ಇತ್ತು. ಅದು ಕಚ್ಚಲಿಲ್ಲ. ಕಚ್ಚಿದ್ದರೇ ಚೆನ್ನಾಗಿತ್ತು ಎಂದು ಈಗ ಅನಿಸುತ್ತದೆ. ತೊಂಬತ್ತರ ದಶಕದ ಮಾತು. ಮಧ್ಯಾಹ್ನ ಶಾಲೆಯ ಬೇವಿನ ಗಿಡದ ಕೆಳಗೆ ಬುತ್ತಿ ಬಿಚ್ಚಿದರೆ ಅದು ಎದುರಿಗೆ ಬಂದು ಕುಳಿತುಕೊಳ್ಳುತ್ತಿತ್ತು. ಒಂದು ರೊಟ್ಟಿ ನನಗೆ, ಅರ್ಧ ಅದಕ್ಕೆ. ಮೂರು ವರ್ಷ ಹೀಗೆ ನಡೆಯಿತು. ಒಂದು ದಿನ ನಾನು ಎಂಟನೆಯ ತರಗತಿಗೆ ಅಶೋಕನನ್ನು ಪಾಠ ಮಾಡುತ್ತಿದ್ದೆ. ನಮ್ಮ ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಸಿಕ್ಕ ಶಾಸನದಲ್ಲಿ 'ಅಶೋಕ' ಎಂಬ ಹೆಸರೇ ಕಾಣಿಸಿಕೊಂಡದ್ದರಿಂದ ದೇವಾನಾಂಪ್ರಿಯ ಯಾರೆಂಬ ಗೊಂದಲ ಬಗೆಹರಿಯಿತಲ್ಲ, ಅದನ್ನು ಎದೆಯುಬ್ಬಿಸಿ ಹೇಳಿ, "ಮಕ್ಕಳೇ, ಆ ಮಹಾರಾಜ ಮನುಷ್ಯರಿಗಷ್ಟೇ ಅಲ್ಲ, ಪಶುಗಳಿಗೂ ಚಿಕಿತ್ಸೆ ಏರ್ಪಡಿಸಿದ" ಎನ್ನುವ ಹೊತ್ತಿಗೆ ಸರಿಯಾಗಿ ನಾಯಿ ತರಗತಿಯೊಳಗೆ ಬಂತು. ಹಿಂದೆಯೇ ಹೆಡ್‌ಮಾಸ್ತರರು.

"ಯಾರ ನಾಯಿ ಇದು?"

"ನನ್ನದಲ್ಲ ಸರ್" ಎಂದೆ. ಧ್ವನಿ ಒಂದಿಷ್ಟೂ ನಡುಗಲಿಲ್ಲ. ನಾಯಿ ನನ್ನ ಮುಖ ನೋಡುತ್ತ ಬಾಲ ಅಲ್ಲಾಡಿಸುತ್ತಲೇ ಇತ್ತು. ಹೆಡ್‌ಮಾಸ್ತರರು ಕೋಲು ಎತ್ತಿದರು. ಮಕ್ಕಳು ನಕ್ಕರು. ನಾನು ಅಶೋಕನ ದಯೆಯನ್ನು ಮುಂದುವರಿಸಿದೆ.

ಈಗ ರಾಯಚೂರಿಗೆ ಬರೋಣ. ನಿವೃತ್ತಿಯ ಹಣದಲ್ಲಿ ನಿಜಲಿಂಗಪ್ಪ ಕಾಲೊನಿಯ ಹತ್ತಿರ ಮನೆ ಮಾಡಿಕೊಂಡಿದ್ದೇವೆ. ಮನೆಯ ಜೊತೆಗೆ ಮೆಟ್ಟಿಲು ಬಂತು, ಮೆಟ್ಟಿಲ ಜೊತೆಗೆ ಅದರ ಮೇಲೆ ಮಲಗುವ ನಾಯಿಯೂ ಬಂತು. ಬಣ್ಣ ಕಪ್ಪು. ನಾವು ಅದನ್ನು ಕರಿಯ ಎನ್ನುತ್ತೇವೆ. ಎದುರು ಮನೆಯ ಟೇಲರ್ ಚಾಚಾನಿಗೆ ಅದು ಕಾಲೂ. ಮೂಲೆ ಮನೆಯ ತೆಲುಗು ಅಮ್ಮನವರಿಗೆ ನಲ್ಲೋಡು. ಗಂಜಿನಲ್ಲಿ ಹತ್ತಿ ವ್ಯಾಪಾರ ಮಾಡುವ ಸೇಠಜಿ ಮನೆಯಲ್ಲಿ ಕಾಳು. ಟ್ಯೂಷನ್ ಹೇಳುವ ಹುಡುಗಿಗೆ ಬ್ಲ್ಯಾಕಿ. ನಮ್ಮ ಓಣಿಯವರು ಯಾವ ಭಾಷೆಯಲ್ಲಿ ಮಾತಾಡಿದರೂ ನಾಯಿಯ ಬಣ್ಣದ ಆಚೆ ಯಾರ ಕಲ್ಪನೆಯೂ ಹೋಗಿಲ್ಲ. ಕೈಯಲ್ಲಿ ತಿನ್ನುವುದೊಂದಿದ್ದರೆ ಅದು ಐದೂ ಹೆಸರಿಗೆ ಓಗೊಡುತ್ತದೆ, ಇಲ್ಲದಿದ್ದರೆ ಐದಕ್ಕೂ ಕಿವುಡು. ಬೆಳಿಗ್ಗೆ ನಮ್ಮಲ್ಲಿ ರೊಟ್ಟಿ, ಮಧ್ಯಾಹ್ನ ತೆಲುಗು ಅಮ್ಮನವರಲ್ಲಿ ಮೊಸರನ್ನ, ಶುಕ್ರವಾರ ಚಾಚಾನ ಮನೆಯ ಎಲುಬು. ಪಂಕ್ತಿಭೇದವಿಲ್ಲದ ಪ್ರಾಣಿ.

ಅದರ ಒಂದು ಕಿವಿಯ ತುದಿ ಕತ್ತರಿಸಿದೆ. ಕಾದಾಟದಲ್ಲಿ ಹೋದದ್ದೆಂದು ನಾನು ಬಹಳ ದಿನ ಅದರ ಶೌರ್ಯವನ್ನು ಹೊಗಳಿದ್ದೆ. ಆಮೇಲೆ ಗೊತ್ತಾಯಿತು, ಅದು ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿದೆ ಎಂಬುದರ ಗುರುತು. ಕುತ್ತಿಗೆಗೆ ಬೆಲ್ಟು ಹಾಕಿದವಳು ನಮ್ಮಾಕೆ. ನಾಯಿ ಹಿಡಿಯುವ ಗಾಡಿಯವರು ಒಯ್ಯದಿರಲಿ ಎಂದು ಮನೆಯಲ್ಲಿದ್ದ ಒಂದು 'ಹಳೇ ಬೆಲ್ಟ'ನ್ನು ಕತ್ತರಿಸಿ, ತೂತು ಹಾಕಿ ಕಟ್ಟಿದ್ದಳು. ಅದು ನಿವೃತ್ತಿಯ ದಿನ ಸಹೋದ್ಯೋಗಿಗಳು ನನಗೆ ಕೊಟ್ಟ ಬೆಲ್ಟು. ಅಂದಿನಿಂದ ನನ್ನ ಪ್ಯಾಂಟು ನನ್ನ ನಿಗಾದಲ್ಲಿದೆ.

ಎರಡನೆಯ ಕಡಿತ 2026ರ ಸಂಕ್ರಾಂತಿಯ ಮರುದಿನ ಬೆಳಗಿನ ಜಾವ. ಕರೆಂಟಿರಲಿಲ್ಲ. ಹಾಲಿನ ಪಾಕೀಟು ತರಲು ಮೆಟ್ಟಿಲಿಳಿದೆ. ಕಾಲ ಕೆಳಗೆ ಮೆತ್ತಗೆ ಏನೋ ಸಿಕ್ಕಿತು. ನಲವತ್ತು ವರ್ಷವಾದರೂ ಆ ಮೆತ್ತಗನ್ನು ನಾನು ಮರೆತಿರಲಿಲ್ಲ. ಕಾಲೆತ್ತುವಷ್ಟರಲ್ಲಿ ಅದೇ ಮೀನಖಂಡ, ಮೊದಲಿನದರ ಪಕ್ಕದಲ್ಲೇ ಎರಡು ಹಲ್ಲು.

ನಾಯಿ ಕಚ್ಚಿದರೆ ಗಾಯವನ್ನು ಹದಿನೈದು ನಿಮಿಷ ಸೋಪು ಹಚ್ಚಿ ಹರಿಯುವ ನೀರಲ್ಲಿ ತೊಳೆಯಬೇಕು. ಇದು ಗೊತ್ತಿತ್ತು. ಅವತ್ತು ನಲ್ಲಿ ಬರುವ ದಿನವಲ್ಲ ಎಂಬುದೂ ಗೊತ್ತಿತ್ತು. ಒಂದು ಕಡೆ ಕೃಷ್ಣೆ, ಇನ್ನೊಂದು ಕಡೆ ತುಂಗಭದ್ರೆ, ನಡುವೆ ಬಚ್ಚಲಲ್ಲಿ ಕಾಲು ಚಾಚಿ ಕುಳಿತ ನಾನು. ನಮ್ಮಾಕೆ ತಂಬಿಗೆಯಿಂದ ಎರೆಯುತ್ತ ಮೊಬೈಲಲ್ಲಿ ಟೈಮು ನೋಡುತ್ತಿದ್ದಳು. "ನಾಲ್ಕು ಕೊಡ ನೀರು ಆತು. ನಾಳೆ ಜಳಕಾ ಇಲ್ಲ ನಿಮಗ" ಎಂದಳು. ಆಮೇಲೆ ಕಾಲನ್ನಲ್ಲ, ಹೊರಗೆ ಹೋಗಿ ನಾಯಿಯ ಬಾಲವನ್ನು ಮುಟ್ಟಿ ನೋಡಿದಳು. "ಪಾಪ, ಬಾವು ಬಂದೈತಿ."

ದವಾಖಾನೆಯಲ್ಲಿ ಈಗ ಹೊಕ್ಕಳಿನ ಗೊಡವೆಯಿಲ್ಲ. ರಕ್ತ ಬಂದಿದ್ದರಿಂದ ಗಾಯದ ಸುತ್ತಲೇ ಒಂದು ಮದ್ದು, ಆಮೇಲೆ ತೋಳಿಗೆ ಲಸಿಕೆ. ಅವತ್ತು, ಮೂರನೆಯ ದಿನ, ಏಳನೆಯ ದಿನ, ಇಪ್ಪತ್ತೆಂಟನೆಯ ದಿನ. ಎಲ್ಲ ಉಚಿತ. ನಾಯಿಯನ್ನು ಹತ್ತು ದಿನ ಗಮನಿಸುವ ನಿಯಮ ಮಾತ್ರ ಬದಲಾಗಿಲ್ಲ. ಮಾವನವರಿಲ್ಲ, ಕಾರ್ಡೂ ಇಲ್ಲ. ಅವರ ಜಾಗಕ್ಕೆ ಓಣಿಯ ವಾಟ್ಸ್‌ಆ್ಯಪ್ ಗುಂಪು ಬಂತು. ದಿನಾ ಬೆಳಿಗ್ಗೆ ನಾಯಿಯ ಫೋಟೊ: "ದಿನ 3. ಬ್ಲ್ಯಾಕಿ ಆರಾಮ." "ದಿನ 5. ಕಾಲೂ ಬಿರಿಯಾನಿ ಖಾಯಾ." ಕೆಳಗೆ ಇಪ್ಪತ್ತು ಜನರ ಹೃದಯ, ಕೈಮುಗಿದ ಚಿತ್ರ. ಆರನೆಯ ದಿನ ನಾನು ಬ್ಯಾಂಡೇಜಿನ ನನ್ನ ಕಾಲಿನ ಫೋಟೊ ಹಾಕಿದೆ. ಅದಕ್ಕೆ ಬಂದದ್ದು ಒಂದೇ ಹೆಬ್ಬೆರಳು, ಅದೂ ನನ್ನ ತಮ್ಮನದು.

ಬೆಂಗಳೂರಿನಿಂದ ಮಗಳು ಫೋನು ಮಾಡಿದಳು. "ಅಪ್ಪಾ, ಬೀದಿ ನಾಯಿ ಕಚ್ಚಿದ್ರೆ ಸರ್ಕಾರ ಪರಿಹಾರ ಕೊಡುತ್ತೆ. ಐದು ಸಾವಿರದಲ್ಲಿ 3,500 ಕಚ್ಚಿಸಿಕೊಂಡವರಿಗೆ, 1,500 ಚಿಕಿತ್ಸೆ ಲೆಕ್ಕಕ್ಕೆ. ಸತ್ತರೆ ಐದು ಲಕ್ಷ." ಫೋನು ಸ್ಪೀಕರಿನಲ್ಲಿತ್ತು. ಐದು ಲಕ್ಷ ಎಂದಾಗ ಹೆಂಡತಿ ನನ್ನನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿದ್ದು ನನ್ನ ಭ್ರಮೆಯೂ ಇರಬಹುದು. ಮಗಳ ಮಾತು ಮುಗಿದಿರಲಿಲ್ಲ. "ಸಾಕಿದ ನಾಯಿ ಆದ್ರೆ ಏನೂ ಇಲ್ಲ. ಮೇಲೆ ಲೈಸೆನ್ಸು ಮಾಡಿಸಬೇಕು. ಇಲ್ಲಿ 2018ರ ನಿಯಮದಲ್ಲಿ ಫ್ಲ್ಯಾಟಿಗೆ ಒಂದೇ ನಾಯಿ, ಸ್ವಂತ ಮನೆಗೆ ಮೂರು, ಶುಲ್ಕ 110 ರೂಪಾಯಿ ಅಂದಿದ್ರು. ಪ್ರಾಣಿಪ್ರಿಯರು ದೊಡ್ಡ ಗಲಾಟೆ ಮಾಡಿದ್ರು. ಹೋದ ವರ್ಷ ಜುಲೈನಲ್ಲಿ ನೋಡಿದ್ರೆ ಐದು ಸಾವಿರ ಬೀದಿ ನಾಯಿಗಳಿಗೆ ಚಿಕನ್ ರೈಸ್ ಹಾಕೋ ಯೋಜನೆ. ಒಂದಕ್ಕೆ ದಿನಕ್ಕೆ 22 ರೂಪಾಯಿ 42 ಪೈಸೆ!"

ನಾನು ರೊಟ್ಟಿ, ಪುಂಡಿಪಲ್ಲೆ ತಿನ್ನುತ್ತಿದ್ದೆ. ಹೆಂಡತಿ ತಾಟನ್ನು ನೋಡಿ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. "ನಿಮಗ ಅಷ್ಟು ಬೀಳಂಗಿಲ್ಲ" ಎಂದಳು.

ಲೆಕ್ಕ ಸ್ಪಷ್ಟವಾಗಿತ್ತು. ಕರಿಯ ಬೀದಿಯವನಾದರೆ 3,500 ರೂಪಾಯಿ ಬರುತ್ತದೆ. ನಮ್ಮವನಾದರೆ ಕೈಯಿಂದ ಹೋಗುತ್ತದೆ. ಇಂಥ ಸಂದರ್ಭದಲ್ಲಿ ಇತಿಹಾಸದ ಮೇಷ್ಟ್ರು ಏನು ಮಾಡುತ್ತಾನೆ? ರಾತ್ರಿಯೆಲ್ಲ ಓದುತ್ತಾನೆ. ನಾನೂ ಓದಿದೆ. 2001ರಲ್ಲಿ ಮೊದಲ ಸಲ ನಾಯಿಗಳ ಸಂತಾನ ನಿಯಂತ್ರಣ ನಿಯಮ ಬಂತು, 2023ರಲ್ಲಿ ಅದರ ಬದಲಿಗೆ ಹೊಸದು. ಬೀದಿ ನಾಯಿಯನ್ನು ಹಿಡಿದು, ಶಸ್ತ್ರಚಿಕಿತ್ಸೆ ಮಾಡಿ, ಲಸಿಕೆ ಹಾಕಿ, ಹಿಡಿದ ಜಾಗದಲ್ಲೇ ಬಿಡಬೇಕು. ಹೊಸ ನಿಯಮ ಬೀದಿ ನಾಯಿಗೆ ಮರ್ಯಾದೆಯ ಹೆಸರನ್ನೂ ಇಟ್ಟಿದೆ: ಸಮುದಾಯ ಪ್ರಾಣಿ. ಸಮುದಾಯದಲ್ಲಿ ಹುಟ್ಟಿದ, ಯಾರೂ ತಮ್ಮದೆನ್ನದ ಪ್ರಾಣಿ. ಓದಿ ನನ್ನ ಕಣ್ಣು ತುಂಬಿ ಬಂತು. 'ಯಾರೂ ತಮ್ಮದೆನ್ನದ' ಎಂಬ ಮಾತಿನಲ್ಲಿ ನನಗೆ 3,500 ರೂಪಾಯಿ ಕಂಡಿತು. 2025ರ ನವೆಂಬರ್ 7ರಂದು ಸುಪ್ರೀಂ ಕೋರ್ಟು ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣಗಳಲ್ಲಿರುವ ನಾಯಿಗಳನ್ನು ಹಿಡಿದು ಬೇರೆಡೆ ಇಡಿ, ಅಲ್ಲಿಗೇ ಮರಳಿ ಬಿಡಬೇಡಿ ಎಂದಿತು. ನಮ್ಮ ಮೆಟ್ಟಿಲು ಶಾಲೆಯೂ ಅಲ್ಲ, ನಿಲ್ದಾಣವೂ ಅಲ್ಲ. ಮುಂದಕ್ಕೆ ಓದಿದೆ.

ನಾಯಿಯ ಹಣಕ್ಕಾಗಿ ಲೋಕವೇ ತಲೆ ಕೆಡಿಸಿಕೊಂಡಿದೆ. ಇಂಗ್ಲೆಂಡಿನಲ್ಲಿ ನಾಯಿ ಲೈಸೆನ್ಸಿಗೆ 37 ಪೆನ್ಸ್ ಇತ್ತು. ವಸೂಲಿಯಾದದ್ದಕ್ಕಿಂತ ವಸೂಲಿಯ ಖರ್ಚೇ ಹೆಚ್ಚಾಗಿ 1987ರಲ್ಲಿ ಅದನ್ನು ಕೈಬಿಟ್ಟರು. ಜರ್ಮನಿಯಲ್ಲಿ ಇಂದಿಗೂ ನಾಯಿ ತೆರಿಗೆಯುಂಟು, ಊರೂರಿಗೂ ಬೇರೆ ದರ. ನ್ಯೂಜಿಲೆಂಡಿನ ಹೋಕಿಯಾಂಗದಲ್ಲಿ ಮಾವೋರಿ ಜನ 1898ರಲ್ಲಿ ನಾಯಿ ತೆರಿಗೆ ಕೊಡುವುದಿಲ್ಲವೆಂದು ಕೋವಿ ಹಿಡಿದು ನಿಂತರು, ಸರ್ಕಾರ ಸೈನ್ಯವನ್ನೇ ಕಳಿಸಿತು. 1832ರಲ್ಲಿ ಕಂಪನಿ ಸರ್ಕಾರ ಮುಂಬೈಯ ಬೀದಿ ನಾಯಿಗಳನ್ನು ಕೊಲ್ಲಿಸಲು ಹೊರಟಾಗ ಪಾರಸಿಗಳು ಅಂಗಡಿ ಮುಚ್ಚಿ ದಂಗೆ ಎದ್ದರು. ಇಷ್ಟು ವೀರರ ನಡುವೆ ನನ್ನಂತೆ ನಾಯಿಯನ್ನು ನಿರಾಕರಿಸಿ ಲಾಭ ಮಾಡಿಕೊಳ್ಳಲು ಹೊರಟ ಒಬ್ಬನಾದರೂ ಸಿಗುತ್ತಾನೇನೋ ಎಂದು ಹುಡುಕುತ್ತಿದ್ದೆ.

ಎರಡು ಗಂಟೆಗೆ ಹೆಂಡತಿಗೆ ಎಚ್ಚರವಾಯಿತು. "ಏನ್ ಹುಡುಕಾಕತ್ತೀರಿ?"

"ನಾಯಿ ತೆರಿಗೆಯ ಇತಿಹಾಸ."

"ನಾಯಿ ಹೊರಗ ಚಳಿಯಾಗ ಮಲಗೈತಿ. ಒಂದು ಗೋಣಿ ಹೊದಿಸಿ ಬರ್ರಿ."

ಮರುದಿನ ಬಿಳಿ ಹಾಳೆಯ ಮೇಲೆ ಅರ್ಜಿ ಬರೆದುಕೊಂಡು ಒಂದು ಕಚೇರಿಗೆ ಹೋದೆ. ಯಾವ ಕಚೇರಿ ಎಂದು ಹೇಳುವುದಿಲ್ಲ. ಅಲ್ಲಿ ನಡೆದದ್ದರಲ್ಲಿ ಮಾನ ಹೋಗಿದ್ದು ಕಚೇರಿಯದಲ್ಲ. ಟೇಬಲಿನ ಹಿಂದೆ ಕುಳಿತಿದ್ದ ನಡುವಯಸ್ಸಿನ ಗುಮಾಸ್ತ ನನ್ನನ್ನು ಕಂಡದ್ದೇ ಎದ್ದು ನಿಂತ.

"ಸರ್! ಕುಂದರ್ರಿ ಸರ್. ನಾನು ದೇವದುರ್ಗದಾಗ ನಿಮ್ಮ ಕೈಯಾಗ ಓದೀನಿ. ಮಸ್ಕಿ ಶಾಸನ, ದೇವಾನಾಂಪ್ರಿಯ. ಇನ್ನಾ ನೆನಪೈತ್ರಿ."

ಚಹ ಬಂತು. ಮೇಷ್ಟ್ರುತನ ಮತ್ತೆ ಮೈಯಲ್ಲಿ ಬಂತು. ಕಾಲಿನ ಮೇಲೆ ಕಾಲು ಹಾಕಿ ಅರ್ಜಿ ಕೊಟ್ಟೆ. ಅವನು ಓದಿದ.

"ನಾಯಿ ಯಾರದು ಸರ್?"

"ಯಾರದೂ ಅಲ್ಲಪ್ಪ. ಬೀದೀದು. ಸಮುದಾಯ ಪ್ರಾಣಿ. 2023ರ ನಿಯಮ ನೋಡು ನೀನು."

ಅಷ್ಟರಲ್ಲಿ ಬಾಗಿಲಲ್ಲಿ ಉಗುರಿನ ಟಕಟಕ ಸಪ್ಪಳ. ಕರಿಯ ನನ್ನ ಸ್ಕೂಟರಿನ ಹಿಂದೆ ಮನೆಯಿಂದ ಓಡಿ ಬಂದಿತ್ತು. ನಾಲಿಗೆ ಚಾಚಿ, ಜನರ ಕಾಲುಗಳ ನಡುವೆ ದಾರಿ ಮಾಡಿಕೊಂಡು, ಸೀದಾ ನನ್ನ ಬಳಿ ಬಂದು, ತಾನೇ ಕಚ್ಚಿದ ಕಾಲಿನ ಮೇಲೆ ತಲೆಯಿಟ್ಟು ಮಲಗಿತು. ನಾನು ಕಾಲು ಎಳೆದುಕೊಂಡೆ. ಅದು ತಲೆಯನ್ನು ಇನ್ನಷ್ಟು ಸರಿಸಿತು.

ಗುಮಾಸ್ತ ನಾಯಿಯ ಕಿವಿ ನೋಡಿದ. "ಕಿವಿ ನೋಡಿದ್ರ ಬೀದೀದು." ಕುತ್ತಿಗೆ ನೋಡಿದ. "ಬೆಲ್ಟು ನೋಡಿದ್ರ ಮನೀದು." ಬೆಲ್ಟಿನ ಹಿತ್ತಾಳೆ ಬಕಲನ್ನು ನೋಡಿದ. ಅದರ ಮೇಲೆ ನನ್ನ ಹೆಸರಿನ ಮೊದಲಕ್ಷರ ಕೊರೆಸಿದ್ದರು. ಆಮೇಲೆ ಎದ್ದು ನಿಂತ ನನ್ನನ್ನು ನೋಡಿದ. ನಾನು ಎಡಗೈಯಲ್ಲಿ ಪ್ಯಾಂಟು ಹಿಡಿದುಕೊಂಡಿದ್ದೆ.

ಅವನು ನಗಲಿಲ್ಲ. ನಕ್ಕಿದ್ದರೆ ಬದುಕುತ್ತಿದ್ದೆ. "ದೇವದುರ್ಗದಾಗೂ ನೀವು ಹಿಂಗ ಅಂದಿದ್ರಿ ಸರ್" ಎಂದ. "ಅವತ್ತು ನಾನು ಮುಂದಿನ ಬೆಂಚಿನ್ಯಾಗಿದ್ದೆ."

ಇತಿಹಾಸ ಕಲಿಸಿದವನಿಗೆ ಇತಿಹಾಸ ಹೀಗೆ ಎದುರು ಕುಳಿತು ಚಹ ಕುಡಿಸುತ್ತದೆಂದು ಗೊತ್ತಿರಲಿಲ್ಲ. ಅರ್ಜಿಯನ್ನು ನಾಲ್ಕು ಮಡಿಕೆ ಮಾಡಿ ಕಿಸೆಗೆ ಹಾಕಿಕೊಂಡೆ. ಅವನು ನನ್ನನ್ನು ಬಾಗಿಲವರೆಗೆ ಬಿಡಲು ಬಂದ. "ಮೊದ್ಲು ಪಶು ದವಾಖಾನಿಗೆ ಹೋಗಿ ಲಸಿಕಿ ಹಾಕಿಸ್ರಿ ಸರ್. ಕಾರ್ಡು ಕೊಡ್ತಾರ. ಲೈಸೆನ್ಸು, ಶುಲ್ಕ ಎಲ್ಲಾ ಆಮ್ಯಾಲಿನ ಮಾತು. ಶುಲ್ಕ ತುಂಬೋರು ಸಿಗ್ತಾರ ಸರ್. ಮಾಲಕರ ಸಿಗಂಗಿಲ್ಲ."

ಅವನ ಮಾತಿನ ಅರ್ಥ ಆ ಸಂಜೆಯೇ ಆಯಿತು. ಓಣಿಯವರೆಲ್ಲ ನಮ್ಮ ಕಟ್ಟೆಯ ಮುಂದೆ ಸೇರಿದರು. ಲಸಿಕೆ, ಹೊಸ ಬೆಲ್ಟು, ಮುಂದೆ ಲೈಸೆನ್ಸು ಅಂತ ಬಂದರೆ ಅದರ ಖರ್ಚು, ಎಲ್ಲದಕ್ಕೂ ಪಟ್ಟಿ ಎತ್ತೋಣ ಎಂದೆ. ಗಣಪತಿ ಪಟ್ಟಿಗೆ ಬಾಗಿಲು ಹಾಕಿಕೊಳ್ಳುವ ಸೇಠಜಿ ಐದುನೂರು ತೆಗೆದಿಟ್ಟರು. ಚಾಚಾ ಬೆಲ್ಟು ತಾನೇ ಹೊಲಿದು ಕೊಡುತ್ತೇನೆಂದ. ತೆಲುಗು ಅಮ್ಮನವರು ಸೆರಗಿನ ಗಂಟು ಬಿಚ್ಚಿದರು. ಟ್ಯೂಷನ್ ಹುಡುಗಿ ಫೋನಿನಲ್ಲೇ ರೊಕ್ಕ ಕಳಿಸಿದಳು. ಹತ್ತು ನಿಮಿಷದಲ್ಲಿ ನಾಯಿ ನನಗಿಂತ ಶ್ರೀಮಂತವಾಯಿತು.

"ಕಾರ್ಡಿನ್ಯಾಗ ಮಾಲಕರು ಅಂತ ಯಾರ ಹೆಸರು ಬರೆಸೋಣ?" ಎಂದೆ.

ಯಾರೂ ಮಾತಾಡಲಿಲ್ಲ. ಸೇಠಜಿಗೆ ಗಂಜಿಗೆ ಹೋಗುವ ಹೊತ್ತಾಯಿತು. ಚಾಚಾನಿಗೆ ನಮಾಜಿನ ಹೊತ್ತಾಯಿತು. ತೆಲುಗು ಅಮ್ಮನವರ ಹಾಲು ಒಲೆಯ ಮೇಲಿತ್ತು. "ಅಂಕಲ್, ನಾವು ಬಾಡಿಗೆಯವರು" ಎಂದಳು ಹುಡುಗಿ. ನಾಳೆ ಅದು ಯಾರನ್ನಾದರೂ ಕಚ್ಚಿದರೆ? ಯಾರದಾದರೂ ಗಾಡಿಗೆ ಅಡ್ಡ ಬಂದರೆ? ರೊಟ್ಟಿ ಹಾಕಲು ಹತ್ತು ಕೈ, ಹೆಸರು ಹಾಕಲು ಒಂದೂ ಇಲ್ಲ. ಅವರನ್ನು ಬೈಯುವ ಬಾಯಿ ನನಗಿರಲಿಲ್ಲ. ಪರಿಹಾರದ ಅರ್ಜಿ ಇನ್ನೂ ನನ್ನ ಕಿಸೆಯಲ್ಲೇ ಇತ್ತು.

ನಮ್ಮ ಊರಿನ ಚರಿತ್ರೆಯನ್ನು ನೆನೆದರೆ ಇದು ಸೋಜಿಗ. ಈ ಎರಡು ನದಿಗಳ ನಡುವಿನ ನೆಲ ನನ್ನದು ಅಂತ ವಿಜಯನಗರದವರು, ಬಹಮನಿಗಳು, ಆದಿಲಶಾಹಿಗಳು ತಲೆತಲಾಂತರ ಬಡಿದಾಡಿದರು. 1520ರಲ್ಲಿ ಕೃಷ್ಣದೇವರಾಯ ಈ ಕೋಟೆಗಾಗಿ ದಂಡೆತ್ತಿ ಬಂದ. ಅದಕ್ಕೂ ಮೊದಲು, 1294ರಲ್ಲಿ, ಕಾಕತೀಯರ ಕಡೆಯವರು ಕೋಟೆ ಕಟ್ಟಿ, 'ಕಟ್ಟಿದವರು ನಾವು' ಎಂದು 41 ಅಡಿ ಉದ್ದದ ಕಲ್ಲನ್ನು ಗೋಡೆಗೆ ಸೇರಿಸಿ ಅದರ ಮೇಲೆ ಬರೆಸಿದರು. ಆ ಕಲ್ಲನ್ನು ಬಂಡಿಯ ಮೇಲೆ ಎಳೆದು ತಂದ ಚಿತ್ರವನ್ನೂ ಕೆತ್ತಿಸಿದರು. ಹೆಸರಿಗಾಗಿ ಅಷ್ಟು ದೊಡ್ಡ ಕಲ್ಲು ಎಳೆಸಿದವರ ಊರಿನಲ್ಲಿ ಈಗ ಅಂಗೈಯಗಲದ ಒಂದು ಕಾರ್ಡಿನ ಮೇಲೆ ಹೆಸರು ಹಾಕಲು ನಾವು ಯಾರೂ ತಯಾರಿಲ್ಲ.

ಈ ಹೋಲಿಕೆಯನ್ನು ಹೆಂಡತಿಗೆ ಹೇಳಿದೆ. "ಇಷ್ಟು ತಿಳೀತೈತಿ ಅಂದ್ರ ನೀವ ಬರೀರಿ" ಎಂದಳು. ಮೇಷ್ಟ್ರುಗಳು ಹೋಲಿಕೆ ಕೊಡುವಾಗ ಹುಷಾರಾಗಿರಬೇಕು.

ಮರುದಿನ ಪಶು ದವಾಖಾನೆ. ಕರಿಯ ಸ್ಕೂಟರಿನ ಮುಂದುಗಡೆ ರಾಜಗಾಂಭೀರ್ಯದಿಂದ ನಿಂತು ಬಂತು, ಹಿಂದೆ ಹೆಂಡತಿ. ಡಾಕ್ಟರು ಕಿವಿಯ ಗುರುತು ನೋಡಿ, "ಆವಾಗ ಹಾಕಿದ ಲಸಿಕಿ ವರ್ಷ ದಾಟೈತಿ. ವರ್ಷಾ ವರ್ಷಾ ಹಾಕಿಸಬೇಕ್ರಿ" ಎಂದು ಚುಚ್ಚಿದರು. ಒಂದೇ ಒಂದು ಚುಚ್ಚು. ಅದು ಕುಂಯ್ ಎನ್ನಲಿಲ್ಲ. ಅವತ್ತಿಗೆ ನನಗೆ ಎರಡು ತೋಳಿಗೂ ಮೂರು ಸಲ ಆಗಿತ್ತು, ಇನ್ನೂ ಒಂದು ಸರದಿ ಬಾಕಿ.

ಕಾರ್ಡು ತೆಗೆದರು. "ನಾಯಿ ಹೆಸರು?"

ನಾನು ಐದೂ ಹೆಸರು ಹೇಳತೊಡಗಿದೆ. ಹೆಂಡತಿ ನಡುವೆ ಬಂದು "ಕರಿಯ" ಎಂದಳು.

"ಮಾಲಕರ ಹೆಸರು?"

ಹೆಂಡತಿ ನನ್ನ ಮುಖ ನೋಡಿದಳು. ನಾಯಿಯೂ ನೋಡಿತು. ದೇವದುರ್ಗದ ನಾಯಿ ನೋಡುತ್ತಿದ್ದ ಹಾಗೆಯೇ, ಬಾಲ ಅಲ್ಲಾಡಿಸುತ್ತ. ಮೂವತ್ತು ವರ್ಷಗಳಿಂದ ಗಂಟಲಲ್ಲಿ ನಿಂತಿದ್ದ ಮಾತು. ಆಡಲು ಹೋದರೆ ಕೆಮ್ಮು ಬಂತು. ಡಾಕ್ಟರು ಪೆನ್ನು ಹಿಡಿದು ಕಾಯುತ್ತಿದ್ದರು. ನನ್ನ ಹೆಸರು ಹೇಳಿದೆ. ಕಾಗುಣಿತ ಕೇಳಿದರು, ಅದನ್ನೂ ಹೇಳಿದೆ. ಬರೆದುಕೊಂಡು ಸೀಲು ಹಾಕಿದರು. ಮುಗಿಯಿತು. ಭೂಕಂಪವೇನೂ ಆಗಲಿಲ್ಲ. ಪ್ಯಾಂಟು ಮಾತ್ರ ಸ್ವಲ್ಪ ಜಾರಿತು.

ಕಾರ್ಡಿನಿಂದ ಕರಿಯನಲ್ಲಿ ಏನಾದರೂ ಬದಲಾವಣೆ ಆಗಿದೆಯೇ ಎಂದರೆ, ಇಲ್ಲ. ಮಧ್ಯಾಹ್ನ ನಾನು ಮೆಟ್ಟಿಲ ಮೇಲೆ ನಿಂತು, ಕೈಯಲ್ಲಿ ಕಾರ್ಡು ಹಿಡಿದು, ಮಾಲಕನ ಠೀವಿಯಿಂದ "ಕರಿಯಾ" ಎಂದು ಕರೆದೆ. ಅದು ಕಣ್ಣು ಬಿಟ್ಟು ಕಾರ್ಡನ್ನು ನೋಡಿತು. ತಿನ್ನುವ ವಸ್ತುವಲ್ಲವೆಂದು ಖಾತ್ರಿಯಾಯಿತು. ಮೂಲೆ ಮನೆಯಿಂದ "ನಲ್ಲೋಡಾ" ಎಂಬ ಕೂಗು ಬಂತು. ಎದ್ದು ಮೊಸರನ್ನಕ್ಕೆ ಹೊರಟುಹೋಯಿತು.

ಆ ಸಂಜೆ ಮಾನ್ವಿಯಿಂದ ಅತ್ತೆಯ ಫೋನು. ಎಂಬತ್ತು ದಾಟಿದ ಜೀವ, ಕಿವಿ ಮಂದ. ನನಗೆ ನಾಯಿ ಕಚ್ಚಿದ ಸುದ್ದಿ ಅವರಿಗೆ ಮುಟ್ಟುವಷ್ಟರಲ್ಲಿ ಹದಿನೈದು ದಿನವಾಗಿತ್ತು. ಕೂಗಿಯೇ ಕೇಳಿದರು.

"ಏನಪಾ, ನಾಯಿ ಕಚ್ಚಿತಂತಲ್ಲ?"

"ಹೌದ್ರಿ ಅತ್ತಿ."

"ಮತ್ತ ಬಾಲಾ ತುಳದ್ಯೇನು?"

"...ಹೌದ್ರಿ."

"ಯಾರ ನಾಯಿ ಅದು?"

"ನಮ್ಮದ ಅತ್ತಿ. ನಮ್ಮ ನಾಯಿ."

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಕೇಳಿಸಲಿಲ್ಲವೇನೋ ಎಂದು ಇನ್ನೊಮ್ಮೆ, ಓಣಿಗೆಲ್ಲ ಕೇಳುವ ಹಾಗೆ ಕೂಗಿದೆ: "ನಮ್ಮ ನಾಯೀರಿ!" ಚಾಚಾ ಹೊಲಿಗೆ ಮಷಿನ್ನಿನಿಂದ ತಲೆಯೆತ್ತಿ ನೋಡಿದ.

"ಹಂಗೇನು" ಎಂದರು ಅತ್ತೆ. "ಕ್ಷೇಮ ಐತೇನು?"

"ಕ್ಷೇಮ ಐತ್ರಿ. ಇವತ್ತು ಎರಡೂವರಿ ರೊಟ್ಟಿ ತಿಂದೈತಿ."

"ಆತು. ಇಡ್ತೀನಿ" ಎಂದು ಫೋನಿಟ್ಟರು.